ನಡುಗಡ್ಡೆ ಒಂದು ದಿನ, ಕಾಡು ಒಂದು ದಿನ. ಬಸ್ಸು ಮಾತ್ರ ಯಾವ ದಿನವೋ!

ಲೊಕ್ಕನಹಳ್ಳಿ: ದಸರಾ ರಜೆ ಹತ್ತಿರ ಬಂತೆಂದರೆ ಮೊಬೈಲಿನ ತುಂಬ ಟೂರಿನ ಜಾಹೀರಾತು. ಸಮುದ್ರದ ದ್ವೀಪ, ಮಳೆಕಾಡು, ಎರಡೂ ಒಂದೇ ಪ್ಯಾಕೇಜಿನಲ್ಲಿ, ಊಟ ವಸತಿ ಸೇರಿ. ಅಂಡಮಾನ್ ಕೈಗೆಟುಕದವರಿಗೆ ಮಲ್ಪೆ ಮತ್ತು ಆಗುಂಬೆ. ಹೇಳೋದಕ್ಕೇನು, ಚೆಂದವಾಗೇ ಇದೆ. ಆದರೆ ಲೊಕ್ಕನಹಳ್ಳಿ ಹೋಬಳಿಯ ಅಂಗಡಿಯವನು ಲೆಕ್ಕ ಹಾಕಲು ಕೂತರೆ ಕತೆಯೇ ಬೇರೆ.

ಮೊದಲು ಕೊಳ್ಳೇಗಾಲ, ಅಲ್ಲಿಂದ ಮೈಸೂರು, ಅಲ್ಲಿಂದ ಘಟ್ಟ ಇಳಿದು ಕರಾವಳಿ. ಹೋಗಲೊಂದು ರಾತ್ರಿ, ಬರಲೊಂದು ರಾತ್ರಿ. ಎರಡು ದಿನ ನೋಡೋದಕ್ಕೆ ನಾಲ್ಕು ದಿನ ಬಾಗಿಲು ಹಾಕಬೇಕು. ಹಬ್ಬದ ಮುಂಚೆ ನಾಲ್ಕು ದಿನ ಬಾಗಿಲು ಹಾಕಿದ ಅಂಗಡಿಗೆ ಐದನೇ ದಿನ ಗಿರಾಕಿ ಬರುತ್ತಾನೆಯೇ?

ಪ್ಯಾಕೇಜಿನವರು ಹೇಳದ ಇನ್ನೊಂದು ತೊಡಕಿದೆ. ಮಲ್ಪೆಯ ಎದುರಿನ ಸೇಂಟ್ ಮೇರಿಸ್ ದ್ವೀಪಕ್ಕೆ ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ, ಕಡಲು ಉಕ್ಕಿರುತ್ತದೆ. ಆಗುಂಬೆಯ ಕಾಡಿಗೆ ಕಳೆ ಬರುವುದೇ ಆ ಮಳೆಯಲ್ಲಿ. ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಊರು ಅದು. ಕಾಡು ಚೆನ್ನಾಗಿರುವಾಗ ದ್ವೀಪಕ್ಕೆ ಬೀಗ. ದ್ವೀಪ ತೆರೆದಾಗ ಕಾಡಿನ ಮಳೆ ಮುಗಿದಿರುತ್ತದೆ. ಎರಡನ್ನೂ ಒಟ್ಟಿಗೆ ಮಾರುವವರು ಇದನ್ನು ಸಣ್ಣ ಅಕ್ಷರದಲ್ಲೂ ಬರೆಯುವುದಿಲ್ಲ.

ಹಾಗಾದರೆ ಟೂರೇ ಬೇಡವೇ? ಬೇಕು. ಆದರೆ ದ್ವೀಪವೂ ಕಾಡೂ ಮನೆ ಹಿತ್ತಿಲಲ್ಲೇ ಇವೆಯಲ್ಲ ಸ್ವಾಮಿ!

ಹಿತ್ತಿಲ ದ್ವೀಪ

ಶಿವನಸಮುದ್ರ ಎಂದರೆ ಜನ ಜಲಪಾತ ಅನ್ನುತ್ತಾರೆ. ಅದು ನಿಜಕ್ಕೂ ದ್ವೀಪ. ಕಾವೇರಿ ಇಲ್ಲಿ ಎರಡು ಕವಲಾಗಿ ಒಡೆದು, ನಡುಗಡ್ಡೆಯನ್ನು ಬಳಸಿ, ಪಡುವಣ ಕವಲು ಗಗನಚುಕ್ಕಿಯಾಗಿಯೂ ಮೂಡಣ ಕವಲು ಭರಚುಕ್ಕಿಯಾಗಿಯೂ ಬೀಳುತ್ತದೆ. ಶ್ರೀರಂಗಪಟ್ಟಣದ ಆದಿರಂಗ, ತಮಿಳುನಾಡಿನ ಶ್ರೀರಂಗದ ಅಂತ್ಯರಂಗ, ಇವೆರಡರ ನಡುವಿನ ಮಧ್ಯರಂಗ ಇರುವುದು ಈ ನಡುಗಡ್ಡೆಯಲ್ಲೇ. ಗಗನಚುಕ್ಕಿಯ ಬಳಿ ದರ್ಗಾ ಇದೆ. ಎರಡೂ ಕಡೆಗೆ ಹರಕೆ ಹೊತ್ತು ಬರುವವರಿದ್ದಾರೆ.

1902ರಲ್ಲಿ ಇಲ್ಲಿ ಹುಟ್ಟಿದ ವಿದ್ಯುತ್ತು ತಂತಿಯ ಮೇಲೆ ಸುಮಾರು 147 ಕಿಲೋಮೀಟರ್ ಓಡಿ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಹಚ್ಚಿತು. ಆ ಬೆಂಗಳೂರು ಈಗ ಶನಿವಾರ ಭಾನುವಾರ ಕಾರಿನಲ್ಲಿ ವಾಪಸು ಬರುತ್ತಿದೆ, ನೀರು ನೋಡಲು.

ಹಿತ್ತಿಲ ಕಾಡು

ಇನ್ನು ಕಾಡು. ಲೊಕ್ಕನಹಳ್ಳಿಯಲ್ಲಿ ನಿಂತು ಪಡುವಣಕ್ಕೆ ನೋಡಿದರೆ ಕಾಣುವ ಬೆಟ್ಟದ ಸಾಲೇ ಬಿಳಿಗಿರಿರಂಗನ ಬೆಟ್ಟ. 1974ರಲ್ಲಿ ಅಭಯಾರಣ್ಯವಾಗಿ, 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ವಿಸ್ತೀರ್ಣ ಸುಮಾರು 575 ಚದರ ಕಿಲೋಮೀಟರ್. ಪೂರ್ವ ಘಟ್ಟಕ್ಕೂ ಪಶ್ಚಿಮ ಘಟ್ಟಕ್ಕೂ ಇದೇ ಸೇತುವೆ. ತಪ್ಪಲಲ್ಲಿ ಕುರುಚಲು, ಮೇಲೇರಿದರೆ ಎಲೆ ಉದುರುವ ಕಾಡು, ತುದಿಯ ಕಣಿವೆಗಳಲ್ಲಿ ನಿತ್ಯಹಸಿರಿನ ಶೋಲಾ, ಅದರ ಪಕ್ಕ ಹುಲ್ಲುಗಾವಲು. ಆಗುಂಬೆಯಷ್ಟು ಮಳೆ ಇಲ್ಲ, ನಿಜ. ಆದರೆ ಒಂದೇ ಬೆಟ್ಟದಲ್ಲಿ ಇಷ್ಟು ಬಗೆಯ ಕಾಡು ಸಿಗುವುದು ಅಪರೂಪ.

ತಮಾಷೆ ನೋಡಿ. ಕಣ್ಣೆದುರಿಗಿರುವ ಬೆಟ್ಟಕ್ಕೆ ಲೊಕ್ಕನಹಳ್ಳಿಯವರು ಬಸ್ಸಿನಲ್ಲಿ ಹೋಗಬೇಕಾದರೆ ಕೊಳ್ಳೇಗಾಲಕ್ಕೆ ಹೋಗಿ, ಯಳಂದೂರಿಗೆ ಹೋಗಿ, ಗುಂಬಳ್ಳಿ ಚೆಕ್‌ಪೋಸ್ಟ್ ದಾಟಿ ಹತ್ತಬೇಕು. ನಡುವಿನದು ಹುಲಿಯ ಮನೆ. ಅಲ್ಲಿ ರಸ್ತೆ ಕೇಳುವುದು ತಪ್ಪು, ಯಾರೂ ಕೇಳಬಾರದು. ಆದರೆ ಸುತ್ತುವ ದಾರಿಯಲ್ಲಾದರೂ ಬಸ್ಸು ಸರಿಯಾಗಿ ಸಿಗಬೇಡವೇ?

ಯಾವಾಗ ಹೋಗಬೇಕು?

ಮಲ್ಪೆ ಆಗುಂಬೆಯ ತೊಡಕು ಇಲ್ಲೂ ಇದೆ, ಸ್ವಲ್ಪ ಬೇರೆ ರೂಪದಲ್ಲಿ. ಜುಲೈ ಆಗಸ್ಟಿನಲ್ಲಿ ಕನ್ನಂಬಾಡಿ, ಕಬಿನಿ ತುಂಬಿ ನೀರು ಬಿಟ್ಟಾಗ ಭರಚುಕ್ಕಿ ಭರ್ಜರಿ. ಆದರೆ ನೀರು ಮಿತಿ ಮೀರಿದರೆ ಪ್ರವೇಶವೇ ಬಂದ್. 2018ರ ಆಗಸ್ಟಿನ ನೆರೆಯಲ್ಲಿ ಇಲ್ಲಿನ ಹಳೆಯ ವೆಸ್ಲಿ ಸೇತುವೆಯ ಒಂದು ಭಾಗವೇ ಕೊಚ್ಚಿಹೋಯಿತು. ಬೇಸಿಗೆಯಲ್ಲಿ ಹೋದರೆ ಬರಿ ಬಂಡೆ. ಇದ್ದ ನೀರು ವಿದ್ಯುದಾಗಾರದ ಕಾಲುವೆಗೆ ತಿರುಗಿರುತ್ತದೆ. ಅದೇ ಹೊತ್ತಿಗೆ, ಫೆಬ್ರವರಿಯಿಂದ ಏಪ್ರಿಲ್‌ವರೆಗೆ, ಬೆಟ್ಟದಲ್ಲಿ ಕಾಡ್ಗಿಚ್ಚಿನ ಭಯ.

ಉಳಿಯುವುದು ಸೆಪ್ಟೆಂಬರ್ ಕೊನೆಯಿಂದ ನವೆಂಬರ್. ಹಿಂಗಾರು ಈ ಕಡೆಗೆ ಮಳೆ ತರುತ್ತದೆ, ಕಾಡು ಹಸಿರಾಗಿರುತ್ತದೆ, ಹೊಳೆಯಲ್ಲಿ ನೀರಿರುತ್ತದೆ, ನೆರೆ ಇಳಿದಿರುತ್ತದೆ. ದಸರಾ, ದೀಪಾವಳಿ ರಜೆ ಬೀಳುವುದೂ ಆಗಲೇ. ಸಂಕ್ರಾಂತಿಯ ಚಿಕ್ಕ ಜಾತ್ರೆ, ವೈಶಾಖದ ದೊಡ್ಡ ಜಾತ್ರೆಗೆ ಬೆಟ್ಟಕ್ಕೆ ಹೋಗುವವರು ರಂಗಪ್ಪನ ದರ್ಶನಕ್ಕೆ ಹೋಗಲಿ. ಕಾಡು ನೋಡುವ ಆಸೆ ಇಟ್ಟುಕೊಳ್ಳಬಾರದು, ಜನವೇ ಕಾಣುವುದು.

ಎರಡು ದಿನದ ಲೆಕ್ಕ

ಮೊದಲ ದಿನ ಬೆಳಿಗ್ಗೆ ಕೊಳ್ಳೇಗಾಲ. ಅಲ್ಲಿಂದ ಮಳವಳ್ಳಿ, ಬೆಂಗಳೂರು ಕಡೆ ಹೋಗುವ ಬಸ್ಸು ಹತ್ತಿ ಸತ್ತೇಗಾಲ ಹ್ಯಾಂಡ್‌ಪೋಸ್ಟಿನಲ್ಲಿ ಇಳಿಯಬೇಕು. ಇಲ್ಲಿಂದಲೇ ಕಷ್ಟ ಶುರು. ನಡುಗಡ್ಡೆಯ ಒಳಗೆ ಹೋಗಲು ಆಟೋ ಹಿಡಿಯಬೇಕು ಇಲ್ಲವೇ ನಡೆಯಬೇಕು. ಮಧ್ಯರಂಗ, ಭರಚುಕ್ಕಿ ಚಾಮರಾಜನಗರ ಜಿಲ್ಲೆ. ಗಗನಚುಕ್ಕಿಯನ್ನು ಎದುರಿನಿಂದ ನೋಡುವ ಜಾಗ ಮಂಡ್ಯ ಜಿಲ್ಲೆ. ಒಂದೇ ಹೊಳೆಯ ಎರಡು ಕವಲು ನೋಡಲು ಊರೆಲ್ಲ ಸುತ್ತಬೇಕು. ಆಟೋದವರು ಮೊದಲೇ ದರ ಹೇಳಲಿ ಎಂದು ಕೇಳಿ ಹತ್ತುವುದು ಜಾಣತನ. ಸಂಜೆ ಕೊಳ್ಳೇಗಾಲಕ್ಕೆ ಬಂದು ತಂಗುವುದು.

ಎರಡನೇ ದಿನ ಬೆಳಗಿನ ಬಸ್ಸಿಗೆ ಯಳಂದೂರು, ಅಲ್ಲಿಂದ ಸುಮಾರು 24 ಕಿಲೋಮೀಟರ್ ಬೆಟ್ಟದ ದಾರಿ. ಚೆಕ್‌ಪೋಸ್ಟಿನಲ್ಲಿ ಪ್ಲಾಸ್ಟಿಕ್ಕಿಗೆ ಅವಕಾಶವಿಲ್ಲ. ನೀರಿಗೆ ಸ್ಟೀಲ್ ಬಾಟಲಿ, ತಿಂಡಿಗೆ ಡಬ್ಬಿ ಇರಲಿ. ದಾರಿಯಲ್ಲಿ ಇಳಿದು ಕೋತಿಗೆ ಕಡಲೆಕಾಯಿ ಹಾಕುವುದು, ಸೆಲ್ಫಿ ತೆಗೆಯುವುದು ಬೇಡ. ಕತ್ತಲಾಗುವ ಮುಂಚೆ ಇಳಿದುಬಿಡಬೇಕು.

ಖರ್ಚು? 2025ರ ಜನವರಿಯಲ್ಲಿ ಬಸ್ ದರ ಶೇಕಡಾ 15ರಷ್ಟು ಏರಿತು. ಆದರೆ 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ನಾಲ್ಕು ಜನರ ಮನೆಯಲ್ಲಿ ಇಬ್ಬರು ಹೆಂಗಸರಿದ್ದರೆ ಟಿಕೆಟ್ ದುಡ್ಡು ಇಬ್ಬರಿಗೆ ಮಾತ್ರ. ಅವರ ಸೊನ್ನೆ ಟಿಕೆಟ್ಟಿನ ಹಣ ನಿಗಮಕ್ಕೆ ತುಂಬಿಕೊಡಬೇಕಾದ್ದು ಸರ್ಕಾರ. ಅಂದಮೇಲೆ ಬಸ್ಸು ಬಿಟ್ಟರೆ ನಷ್ಟ ಎನ್ನುವ ಹಳೇ ಮಾತು ಇನ್ನು ನಡೆಯದು.

ಭಯ ಹೋಯಿತು, ಬರಗಾಲ ಹೋಗಲಿಲ್ಲ

ಈ ಸೀಮೆಗೆ ಪ್ರವಾಸಿಗಳು ಯಾಕೆ ಬರಲಿಲ್ಲ ಎಂದು ಹಳಬರನ್ನು ಕೇಳಬೇಕಾಗಿಲ್ಲ. 1993ರಲ್ಲಿ ಪಾಲಾರ್ ಸ್ಫೋಟ. 2002ರ ಆಗಸ್ಟಿನಲ್ಲಿ ಕಾಮಗೆರೆಯಿಂದ ಮಾಜಿ ಸಚಿವ ಎಚ್. ನಾಗಪ್ಪನವರ ಅಪಹರಣ, ಡಿಸೆಂಬರಿನಲ್ಲಿ ಅವರ ಶವ. ವೀರಪ್ಪನ್ ಹೆಸರು ಕೇಳಿದರೆ ಸಂಜೆ ಆರಕ್ಕೇ ಅಂಗಡಿ ಬಾಗಿಲು ಹಾಕುತ್ತಿದ್ದ ಕಾಲ. 2004ರ ಅಕ್ಟೋಬರ್ 18ಕ್ಕೆ ಅವನ ಕತೆ ಮುಗಿಯಿತು. ಎರಡು ದಶಕ ಕಳೆದವು. ಭಯ ಹೋಯಿತು, ವ್ಯಾಪಾರ ಬರಲಿಲ್ಲ. ಬೆಂಗಳೂರಿನ ಕಾರು ತಿಂಡಿ, ನೀರು, ಪೆಟ್ರೋಲು ಎಲ್ಲ ಅಲ್ಲಿಂದಲೇ ತುಂಬಿಕೊಂಡು ಬಂದು, ಇಲ್ಲಿ ಕಸ ಬಿಟ್ಟು ಹೋಗುತ್ತದೆ.

ಟೂರಿಸಂ ಎಂದರೆ ರೆಸಾರ್ಟು ಎಂದು ತಿಳಿದವರು ಒಂದು ಸಂಗತಿ ನೆನೆಯಬೇಕು. 2025ರ ಜೂನ್ 26ರಂದು ಹನೂರು ತಾಲ್ಲೂಕಿನ ಹೂಗ್ಯಂ ವಲಯದ ಮೀಣ್ಯಂ ಕಾಡಿನಲ್ಲಿ ತಾಯಿ ಹುಲಿ, ನಾಲ್ಕು ಮರಿ, ಒಟ್ಟು ಐದು ಸತ್ತು ಬಿದ್ದಿದ್ದವು. ಹಸು ಕಳೆದುಕೊಂಡ ಸಿಟ್ಟಿಗೆ ಅದರ ಹೆಣಕ್ಕೇ ವಿಷ ಹಾಕಿದ್ದು ಕಾರಣ. ಮಾಡಿದ್ದು ಘೋರ ತಪ್ಪು, ಶಿಕ್ಷೆ ಆಗಲಿ. ಆದರೆ ಹುಲಿಯಿಂದ ಕಾಡಂಚಿನವನಿಗೆ ಸಿಗುವುದು ನಷ್ಟ ಮಾತ್ರ, ಲಾಭವೆಲ್ಲ ಹೊರಗಿನವರಿಗೆ ಎಂಬಂತಿದ್ದರೆ ಆ ಸಿಟ್ಟು ಆರುವುದು ಹೇಗೆ? ಅದೇ ನವೆಂಬರಿನಲ್ಲಿ, ಹುಲಿ ದಾಳಿಗೆ ಜನ ಸತ್ತ ಮೇಲೆ, ಬಂಡೀಪುರ ನಾಗರಹೊಳೆಯಲ್ಲಿ ಸಫಾರಿಯನ್ನೇ ನಿಲ್ಲಿಸಬೇಕಾಯಿತು. ಕಾಡಂಚಿನ ಊರನ್ನು ಬಿಟ್ಟು ಕಾಡಿನ ಟೂರಿಸಂ ನಡೆಯದು ಎನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು?

ಬಿಳಿಗಿರಿ ಬೆಟ್ಟದಲ್ಲಿ ಬೇರೆ ದಾರಿಯೂ ಇದೆ. ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಇಲ್ಲಿನ ಸೋಲಿಗರ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಸಿಕ್ಕಿತು. ಜೇನು, ನೆಲ್ಲಿ ಅವರ ಕೈಯಲ್ಲಿವೆ, ಕಾಫಿಯನ್ನೂ ಬೆಳೆಯುತ್ತಾರೆ. ಬೆಟ್ಟ ಹತ್ತಿದವನು ಒಂದು ಬಾಟಲಿ ಜೇನು ಅವರಿಂದಲೇ ಕೊಂಡರೆ ಆ ದುಡ್ಡು ಯಳಂದೂರಿನ ಸಂತೆಗೇ ಬರುತ್ತದೆ.

ಕೇಳಬೇಕಾದ್ದು ಇಷ್ಟೇ

ಅಕ್ಟೋಬರ್, ನವೆಂಬರ್ ಎರಡು ತಿಂಗಳು, ಶನಿವಾರ ಭಾನುವಾರ ಮಾತ್ರ, ಲೊಕ್ಕನಹಳ್ಳಿಯಿಂದ ಕೊಳ್ಳೇಗಾಲದ ಮೇಲೆ ಭರಚುಕ್ಕಿಗೊಂದು, ಬಿಳಿಗಿರಿ ಬೆಟ್ಟಕ್ಕೊಂದು ನೇರ ಬಸ್ಸು. ಕೊಳ್ಳೇಗಾಲದ ನಿಲ್ದಾಣದಲ್ಲಿ ಕಣ್ಣಿಗೆ ಕಾಣುವ ವೇಳಾಪಟ್ಟಿ. ಜಲಪಾತದ ಬಳಿ ನೀರಿಗಿಳಿಯುವವರನ್ನು ತಡೆಯಲು ಈಜು ಬಲ್ಲ ಕಾವಲು. ಬಸ್ಸು ನಿಲ್ಲುವಲ್ಲಿ ಊರಿನವರ ಹೋಟೆಲು, ಸೋಲಿಗರ ಜೇನಿನ ಅಂಗಡಿ. ಕಾಡಿಗೆ ಹೊಸ ರಸ್ತೆ ಬೇಡ, ಹೊಸ ಕಟ್ಟಡವೂ ಬೇಡ. ಎರಡು ಬಸ್ಸು, ಒಂದು ಬೋರ್ಡು, ನಾಲ್ಕು ಕಾವಲುಗಾರರು.

ಕೋಟಿ ರೂಪಾಯಿಯ ಯೋಜನೆಯಾದರೆ ಕಡತ ಓಡುತ್ತದೆ, ಗುದ್ದಲಿ ಪೂಜೆಗೆ ಜನ ಸೇರುತ್ತಾರೆ. ಎರಡು ಬಸ್ಸಿಗೆ ಗುದ್ದಲಿ ಬೇಕಿಲ್ಲ, ಡಿಪೋ ಮ್ಯಾನೇಜರಿಗೆ ಒಂದು ಅರ್ಜಿ ಸಾಕು. ಲೊಕ್ಕನಹಳ್ಳಿಯ ವರ್ತಕರು ಆ ಅರ್ಜಿಗೆ ಸಹಿ ಹಾಕುವುದು ಯಾವಾಗ? ರಜೆ ಮುಗಿದ ಮೇಲೆ ಹಾಕಿದರೆ ಮುಂದಿನ ದಸರಾ ತನಕ ಕಾಯಬೇಕಾದೀತು.