ಗೆದ್ದ ನೆಲ ಯಾರದ್ದು?

ಸ್ಪರ್ಧಾತ್ಮಕ ಪರೀಕ್ಷೆಯ ಹೆಸರಲ್ಲಿ ಮಾರಾಟವಾಗುವ ಇಂಗ್ಲಿಷ್ ಕೈಪಿಡಿಗಳಲ್ಲಿ ‘ಗೇನ್ ಗ್ರೌಂಡ್’ ಎಂಬ ನುಡಿಗಟ್ಟಿನ ಎದುರು ಸಾಮಾನ್ಯವಾಗಿ ಒಂದೇ ಪದವಿರುತ್ತದೆ: ‘ಜನಪ್ರಿಯವಾಗು’. ಇದು ಅರ್ಧ ಅರ್ಥ. ಇದನ್ನೇ ನೆಚ್ಚಿಕೊಂಡ ವಿದ್ಯಾರ್ಥಿ ನಮ್ಮೂರಿನ ಮಸಾಲೆದೋಸೆಯ ಬಗ್ಗೆಯೂ ಹಾಗೆಯೇ ಬರೆಯುತ್ತಾನೆ. ವ್ಯಾಕರಣ ಸರಿಯಾಗಿಯೇ ಇರುತ್ತದೆ. ಇಂಗ್ಲಿಷ್ ಬಲ್ಲವರು ಮಾತ್ರ ದೋಸೆ ಯಾರ ಮೇಲೆ ದಂಡೆತ್ತಿ ಹೋಯಿತೆಂದು ಯೋಚಿಸುತ್ತಾರೆ.

ಯಾಕೆಂದರೆ ಇದು ರಣರಂಗದ ಮಾತು. ಇಲ್ಲಿ ‘ಗ್ರೌಂಡ್’ ಎಂದರೆ ಎದುರಾಳಿಯ ಕೈಯಿಂದ ಕಿತ್ತುಕೊಂಡ ನೆಲ. 1916ರ ಜುಲೈ 1ರಿಂದ ನವೆಂಬರ್ 18ರವರೆಗೆ ಫ್ರಾನ್ಸಿನ ಸೋಮ್ ನದಿಯ ಬಳಿ ಕಾದಾಡಿ ಬ್ರಿಟಿಷ್ ಮತ್ತು ಫ್ರೆಂಚ್ ಪಡೆಗಳು ಮುಂದೆ ಸಾಗಿದ್ದು ಹೆಚ್ಚೆಂದರೆ ಸುಮಾರು 10 ಕಿಲೋಮೀಟರ್. ಮೊದಲ ದಿನವೇ 19 ಸಾವಿರಕ್ಕೂ ಹೆಚ್ಚು ಬ್ರಿಟಿಷ್ ಸೈನಿಕರು ಸತ್ತಿದ್ದರು. ನುಡಿಗಟ್ಟಿನೊಳಗೆ ಕೂತಿರುವುದು ಇಂಥ ನೆಲ, ಇಂಥ ನಿಧಾನ. ರಾತ್ರೋರಾತ್ರಿ ಹೆಸರಾದದ್ದಕ್ಕೆ ಇದು ಒಗ್ಗುವುದಿಲ್ಲ. ಅದಕ್ಕೆ ‘ವೈರಲ್’ ಇದೆಯಲ್ಲ. ಒಂದು ವಾದ, ಒಂದು ಪಕ್ಷ, ಡಾಲರಿನೆದುರು ರೂಪಾಯಿ, ಹೀಗೆ ಎದುರಾಳಿ ಇರುವಲ್ಲಿ ಮಾತ್ರ ಅದು ಸಲೀಸಾಗಿ ಕೂರುತ್ತದೆ. ‘ಲೂಸ್ ಗ್ರೌಂಡ್’, ‘ಗಿವ್ ಗ್ರೌಂಡ್’ ಅದರ ಒಡಹುಟ್ಟುಗಳು. ಒಬ್ಬರು ಗಳಿಸಿದರೆ ಇನ್ನೊಬ್ಬರು ಕಳೆದುಕೊಳ್ಳಲೇಬೇಕು.

ಕೈಪಿಡಿ ಬಿಟ್ಟದ್ದು ಸೋತವನನ್ನು. ನನ್ನ ತಕರಾರು ಅಲ್ಲಿಗೇ ನಿಲ್ಲುವುದಿಲ್ಲ, ಏಕೆಂದರೆ ಕನ್ನಡದಲ್ಲಿ ಬರೆಯುವಾಗ ನಾವೂ ಅವನನ್ನು ಬಿಡುತ್ತೇವೆ. ‘ಬೇರೂರು’, ‘ಮನೆಮಾತಾಗು’, ‘ಚಾಲ್ತಿಗೆ ಬರು’: ಚೆಂದದ ಮಾತುಗಳು, ಒಂದರಲ್ಲೂ ಸೋತವನಿಲ್ಲ. ‘ಹಳ್ಳಿಗಳಲ್ಲೂ ಇಂಗ್ಲಿಷ್ ಮಾಧ್ಯಮ ಬೇರೂರುತ್ತಿದೆ’ ಎಂದು ಬರೆದರೆ ಪಾಳುಬಿದ್ದ ಜಾಗದಲ್ಲಿ ತಾನಾಗಿ ಗಿಡ ಎದ್ದಂತೆ ಕೇಳಿಸುತ್ತದೆ. ಆ ಜಾಗ ಪಾಳುಬಿದ್ದಿರಲಿಲ್ಲ. ಒಂದರಿಂದ ನಾಲ್ಕನೇ ತರಗತಿಯವರೆಗೆ ಮಾತೃಭಾಷೆ ಇಲ್ಲವೇ ಕನ್ನಡದಲ್ಲಿ ಕಲಿಸಬೇಕೆಂದು ರಾಜ್ಯ ಸರ್ಕಾರ 1994ರಲ್ಲಿ ಆದೇಶಿಸಿತ್ತು. ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿತು. 2019ರಲ್ಲಿ ಸರ್ಕಾರವೇ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗ ತೆರೆಯಲು ಹೊರಟಿತು. ಆದೇಶ, ತೀರ್ಪು, ಮತ್ತೆ ಆದೇಶ. ಗಿಡ ಬೇರು ಬಿಡುವುದು ಹೀಗಲ್ಲ.

ಇಲ್ಲಿ ಇಂಗ್ಲಿಷಿನ ನುಡಿಗಟ್ಟೇ ನಮ್ಮದಕ್ಕಿಂತ ಪ್ರಾಮಾಣಿಕ ಎಂದರೆ ಕೆಲವರಿಗೆ ಸಿಟ್ಟು ಬರಬಹುದು. ಹಾಗಂತ ‘ನೆಲ ಗಳಿಸು’ ಎಂಬ ಪದಶಃ ಅನುವಾದ ಬೇಡ. ಅದು ರಿಯಲ್ ಎಸ್ಟೇಟಿನವರ ಮಾತಿನಂತಿದೆ. ‘ಒತ್ತುವರಿ’ ಇದೆ, ಆದರೆ ಅದರಲ್ಲಿ ಅಕ್ರಮದ ವಾಸನೆಯಿದೆ. ಮಗುವನ್ನು ಇಂಗ್ಲಿಷ್ ಶಾಲೆಗೆ ಕಳಿಸುವ ಕೂಲಿಕಾರ ತಾಯಿಗೆ ಆ ಪದ ಅಂಟಿಸಲು ನಾನು ತಯಾರಿಲ್ಲ. ಅದರ ಬಂಧುವಾದ ‘ಒತ್ತರಿಸು’ ಆದೀತು. ಕನ್ನಡ ಮಾಧ್ಯಮವನ್ನು ಇಂಗ್ಲಿಷ್ ಮಾಧ್ಯಮ ಒತ್ತರಿಸುತ್ತಿದೆ: ಈ ವಾಕ್ಯದಲ್ಲಿ ಇಬ್ಬರೂ ಇದ್ದಾರೆ.