ವಿಲಾಯತಿ ಅಳಿಯನೂ ಬ್ಯಾಡಗಿ ಮೆಣಸಿನಕಾಯಿಯೂ

2024ರ ಜುಲೈ ತಿಂಗಳ ಮೊದಲ ವಾರದ ಮಾತು. ರಾಣೇಬೆನ್ನೂರಿನಲ್ಲಿ ಶಾಲೆಯೊಂದರ ಕಾರ್ಯಕ್ರಮ ಮುಗಿಸಿಕೊಂಡು ಹಾವೇರಿಗೆ ಹೊರಟಿದ್ದ ನಾನು ಹುಬ್ಬಳ್ಳಿಯ ಕಡೆಯ ರೈಲಿನಲ್ಲಿ ಹೇಗೋ ಒಂದು ಮೂಲೆಯನ್ನು ಸಂಪಾದಿಸಿ ಕುಳಿತಿದ್ದೆ. ಎದುರಿಗೆ ಹಿರಿಯ ಒಕ್ಕಲಿಗರೊಬ್ಬರು; ತಲೆಗೆ ಬಿಳಿಯ ರುಮಾಲು, ಮಡಿಲಲ್ಲಿ ಕೈಚೀಲ. ನನ್ನ ಕೈಯಲ್ಲಿದ್ದ ವರ್ತಮಾನಪತ್ರಿಕೆಯನ್ನು ತುಸು ಹೊತ್ತು ನೋಡಿ ಅವರು ಕೇಳಿದರು: “ಏನ್ರೀ ಸರ, ನಮ್ಮ ಅಳಿಯಾರು ಸೋತ್ರಂತಲ್ಲ?”

ಯಾರ ಅಳಿಯ, ಎಲ್ಲಿ ಸೋತ ಎಂದು ತಿಳಿಯಲು ನನಗೆ ಒಂದು ಕ್ಷಣ ಬೇಕಾಯಿತು. ಅವರು ಕೇಳಿದ್ದು ಬ್ರಿಟನ್ನಿನ ಪ್ರಧಾನಿಯಾಗಿದ್ದ ರಿಷಿ ಸುನಕ್ ಅವರ ವಿಷಯ. ಸುನಕರ ಪತ್ನಿ ಅಕ್ಷತಾ ಮೂರ್ತಿ. ಅಕ್ಷತಾ ಅವರ ತಾಯಿ ಸುಧಾ ಮೂರ್ತಿಯವರು 1950ರಲ್ಲಿ ಹುಟ್ಟಿದ್ದು ಇದೇ ಹಾವೇರಿ ಜಿಲ್ಲೆಯ ಶಿಗ್ಗಾವಿಯಲ್ಲಿ. ಶಿಗ್ಗಾವಿಯ ಮಗಳ ಮಗಳನ್ನು ಕೈಹಿಡಿದವನು ಜಿಲ್ಲೆಗೆಲ್ಲ ಅಳಿಯನೆಂಬ ಈ ಬೀಗತನದ ಲೆಕ್ಕವನ್ನು ತಪ್ಪೆನ್ನುವ ಧೈರ್ಯ ನನಗಿರಲಿಲ್ಲ. ಕಾಲದ ಮಹಿಮೆಯನ್ನು ನೋಡಿರಿ! ಒಂದಾನೊಂದು ದಿನ ಲಂಡನ್ನಿನ ಆ ಬೀದಿಯಿಂದ ಹೊರಟ ಒಂದು ಮಾತಿಗೆ ಇಲ್ಲಿಯ ಮಾಮಲೇದಾರರು ನಿದ್ದೆಗೆಡುತ್ತಿದ್ದರು. ಈಗ ಅದೇ ಬೀದಿಯ ಹತ್ತನೆಯ ನಂಬರಿನ ಮನೆಯವನು ಸೋತನೆಂದು ನಮ್ಮ ಅಜ್ಜ ಲೊಚಗುಟ್ಟುತ್ತಿದ್ದಾರೆ. ಪಾರತಂತ್ರ್ಯದ ಗಾಯವನ್ನು ಇತಿಹಾಸ ಮಾಯಿಸಿತೋ ಇಲ್ಲವೋ ಅರಿಯೆ, ಬೀಗತನವಂತೂ ಮರೆಯಿಸಿಬಿಟ್ಟಿದೆ.

“ಹೌದು ಅಜ್ಜಾರ, ಸೋತರು” ಎಂದೆ. ಸೋಲಿನ ಕಥೆಯನ್ನೂ ಹೇಳಿದೆ. ಆ ವರ್ಷದ ಮೇ 22ರಂದು ಸುನಕ್ ತಮ್ಮ ಮನೆಯ ಬಾಗಿಲಲ್ಲಿ, ಸುರಿಯುವ ಮಳೆಯಲ್ಲಿ, ಕೊಡೆಯೂ ಇಲ್ಲದೆ ನಿಂತು ಚುನಾವಣೆಯನ್ನು ಘೋಷಿಸಿದರು. ಮುಂಗಾರಿಗೆ ಬಾಯಿಬಿಟ್ಟು ಕುಳಿತ ನಮ್ಮ ಸೀಮೆಯಲ್ಲಿ ಮಳೆ ಬೀಳುವಾಗ ಕೈಹಾಕಿದ ಕೆಲಸ ಶುಭವೆನಿಸುತ್ತದೆ. ವರ್ಷವಿಡೀ ಹವೆಯನ್ನು ಕುರಿತೇ ಮಾತಾಡುವ ಆ ದೇಶದಲ್ಲಿ ಮಾತ್ರ ಅದು ಅಪಶಕುನವೂ ನಗೆಪಾಟಲೂ ಆಯಿತು. ಜುಲೈ 4ರಂದು ಮತದಾನ. ಮರುದಿನ ಹದಿನಾಲ್ಕು ವರ್ಷಗಳ ಕನ್ಸರ್ವೇಟಿವ್ ಆಡಳಿತ ಮುಗಿದು ಲೇಬರ್ ಪಕ್ಷದ ಕಿಯರ್ ಸ್ಟಾರ್ಮರ್ ಪ್ರಧಾನಿಯಾದರು. ಸೋತವರು ಬಾಗಿಲಿಗೆ ಬಂದು, ನಿಮ್ಮ ಸಿಟ್ಟು ನನಗೆ ಕೇಳಿಸಿದೆ, ಕ್ಷಮಿಸಿರಿ ಎಂಬರ್ಥದ ನಾಲ್ಕು ಮಾತು ಹೇಳಿ ಹೊರಟರು. ಗೆದ್ದವರು ಆ ದಿನವೇ ಅದೇ ಬಾಗಿಲಿನಿಂದ ಒಳಗೆ ಹೋದರು.

“ಅಷ್ಟ ಅಂತೀರಿ?” ಎಂದು ಅಜ್ಜ ಬೆರಗಾದರು. ಅವರ ಬೆರಗಿಗೆ ಕಾರಣವಿತ್ತು. ನಾವು ಹತ್ತಿದ ರಾಣೇಬೆನ್ನೂರಿನಲ್ಲಿಯೇ 2018ರಲ್ಲಿ ಜನರು ಆರಿಸಿದ ಶಾಸಕರು ಪಕ್ಷನಿಷ್ಠೆಯ ಗೊಂದಲದಲ್ಲಿ ಮರುವರ್ಷ ಅನರ್ಹರೆನಿಸಿದರು. 2019ರ ಡಿಸೆಂಬರ್ 5ರಂದು ಅದೇ ಜನ ಉಪಚುನಾವಣೆಗಾಗಿ ಮತ್ತೆ ಸಾಲುಗಟ್ಟಿ ನಿಲ್ಲಬೇಕಾಯಿತು. ಆ ವರ್ಷ ಶಾಸಕರು ತಂಗಿದ ಪರಸ್ಥಳದ ಹೋಟೆಲುಗಳ ಹೆಸರು ನಮ್ಮ ಮಕ್ಕಳಿಗೂ ಬಾಯಿಪಾಠವಾಗಿದ್ದಿತು.

ಆದರೆ ವಿಲಾಯತಿಯದೆಲ್ಲ ಚಿನ್ನ, ನಮ್ಮದೆಲ್ಲ ಹಿತ್ತಾಳೆ ಎಂದು ಹೇಳಿ ಕೂಡುವುದು ನನ್ನ ಉದ್ದೇಶವಲ್ಲ. ಸುನಕರಿಗಿಂತ ಮುಂಚೆ ಪ್ರಧಾನಿಯಾಗಿದ್ದ ಲಿಜ್ ಟ್ರಸ್ ಅವರನ್ನು 2022ರ ಸೆಪ್ಟೆಂಬರಿನಲ್ಲಿ ಆರಿಸಿದ್ದು ಇಡೀ ದೇಶವಲ್ಲ, ಅವರ ಪಕ್ಷದ ಸದಸ್ಯರು ಮಾತ್ರ. ಅವರಿಗೆ ಬಿದ್ದ ಮತಗಳು 81,326. ರಾಣೇಬೆನ್ನೂರು ಕ್ಷೇತ್ರವೊಂದರಲ್ಲಿಯೇ ಮತದಾರರು ಎರಡು ಲಕ್ಷ ಮೀರಿದ್ದಾರೆ. ಆ ಪಕ್ಷದ ಎಂಬತ್ತೊಂದು ಸಾವಿರ ಜನ ಕೂಡಿ ಆರುಕೋಟಿಗೂ ಮಿಕ್ಕ ಪ್ರಜೆಗಳಿಗೆ ಪ್ರಧಾನಿಯನ್ನು ಕೊಟ್ಟರು. ಆ ಪ್ರಧಾನಿ ಗಾದಿಯ ಮೇಲಿದ್ದುದು 49 ದಿನ.

“ಒಂದು ಬೆಳಿ ಬರೋವಷ್ಟು ದಿನಾನೂ ಇಲ್ಲಲ್ರಿ! ಯಾಕ ಬಿಟ್ರು?”

ಯಾಕೆ ಬಿಟ್ಟರೆಂಬುದನ್ನು ರೈಲಿನ ಗದ್ದಲದಲ್ಲಿ ವಿವರಿಸುವುದು ಸುಲಭವಾಗಿರಲಿಲ್ಲ. ಸೆಪ್ಟೆಂಬರ್ 23ರಂದು ಅವರ ಹಣಕಾಸಿನ ಮಂತ್ರಿ ಕ್ವಾಸಿ ಕ್ವಾರ್ಟೆಂಗ್ ಸುಮಾರು 45 ಶತಕೋಟಿ ಪೌಂಡುಗಳ ತೆರಿಗೆಯನ್ನು ಇಳಿಸುವೆನೆಂದರು. ಆ ಖೋತಾವನ್ನು ಎಲ್ಲಿಂದ ತುಂಬುವುದೆಂಬುದನ್ನು ಹೇಳಲಿಲ್ಲ. ಸರಕಾರಕ್ಕೆ ಸಾಲ ಕೊಡುವ ದೊಡ್ಡ ಸಾಹುಕಾರರು ಗಾಬರಿಗೊಂಡು ಕೈಯಲ್ಲಿದ್ದ ಸಾಲಪತ್ರಗಳನ್ನು ಮಾರತೊಡಗಿದರು. ಸೆಪ್ಟೆಂಬರ್ 26ರಂದು ಪೌಂಡು ಡಾಲರಿನ ಎದುರು ಹಿಂದೆಂದೂ ಇಳಿಯದಷ್ಟು ಇಳಿಯಿತು. ಮನೆಸಾಲದ ಬಡ್ಡಿ ಏರಿ ಸಾಮಾನ್ಯ ಸಂಸಾರಿಗರ ಎದೆ ನಡುಗಿತು. 28ರಂದು ಬ್ಯಾಂಕ್ ಆಫ್ ಇಂಗ್ಲೆಂಡ್ ತಾನೇ ಪೇಟೆಗಿಳಿದು ಸಾಲಪತ್ರಗಳನ್ನು ಕೊಳ್ಳಬೇಕಾಯಿತು. ಅಕ್ಟೋಬರ್ 14ಕ್ಕೆ ಮಂತ್ರಿಗಳ ಪದವಿ ಹೋಯಿತು. ಆ ಹೊತ್ತಿಗೆ ಡೈಲಿ ಸ್ಟಾರ್ ಎಂಬ ಪತ್ರಿಕೆ ಒಂದು ಲೆಟ್ಯೂಸ್ ಸೊಪ್ಪಿನ ಗಡ್ಡೆಯನ್ನು ಕ್ಯಾಮರಾದ ಮುಂದಿಟ್ಟು, ಮೊದಲು ಬಾಡುವುದು ಇದೋ ಪ್ರಧಾನಿಯೋ ಎಂದು ಪಂಥ ಹೂಡಿತ್ತು. 20ರಂದು ಪ್ರಧಾನಿ ರಾಜೀನಾಮೆ ಸಾರಿದರು, ಸೊಪ್ಪು ಗೆದ್ದಿತು. 25ರಂದು ನಮ್ಮ ಅಳಿಯ ಗಾದಿಗೆ ಬಂದದ್ದು ಹೀಗೆ.

ಸೊಪ್ಪಿನ ಕಥೆಗೆ ಅಜ್ಜ ನಗುವರೆಂದು ಬಗೆದಿದ್ದೆ. ಅವರು ನಗಲಿಲ್ಲ. “ಅಂದ್ರ ಅಲ್ಲೂ ಪೇಟಿ ಬಿದ್ದಿತ್ತು ಅನ್ರಿ” ಎಂದರು.

ಅಷ್ಟರಲ್ಲಿ ಬ್ಯಾಡಗಿ ನಿಲ್ದಾಣ ಬಂದಿತು. ಹಂಗಾಮು ಮುಗಿದಿದ್ದರೂ ಗಾಳಿಯಲ್ಲಿ ಮೆಣಸಿನಕಾಯಿಯ ಘಾಟು ಇದ್ದಂತೆ ನನಗೆ ತೋರಿತು. ಆ ಊರಿನ ಹೆಸರೇ ಮೂಗಿಗೆ ಹಾಗೆ ಹತ್ತಿಕೊಂಡಿದೆ. ಬ್ಯಾಡಗಿಯ ಕಾಯಿ ಖಾರಕ್ಕಿಂತ ಬಣ್ಣಕ್ಕೆ ಹೆಸರಾದದ್ದು. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು. ಅದರಿಂದ ತೆಗೆದ ರಂಗು ತಿನಿಸುಗಳಿಗೂ, ಹೆಂಗಸರ ತುಟಿಯ ಬಣ್ಣಕ್ಕೂ ಸಲ್ಲುತ್ತದೆ. ಲಂಡನ್ನಿನ ಯಾವ ಚೆಲುವೆಯ ನಗೆಯಲ್ಲಿ ನಮ್ಮ ಯಾವ ಹೊಲದ ಕೆಂಪು ಇದೆಯೋ ಬಲ್ಲವರಾರು?

ಕಿಟಕಿಯ ಹೊರಗೆ ನೋಡುತ್ತ ಅಜ್ಜ ಹೇಳಿದರು: “ಮಾರ್ಚದಾಗ ನಾನೂ ಚೀಲ ತಂದಿದ್ನಿರಿ ಇಲ್ಲಿ. ಆ ಸೋಮವಾರ.”

ಯಾವ ಸೋಮವಾರವೆಂದು ಕೇಳುವ ಅಗತ್ಯವಿರಲಿಲ್ಲ. 2024ರ ಮಾರ್ಚ್ 11. ಹಿಂದಿನ ದಿನಗಳ ದರವನ್ನು ನಂಬಿ ನಮ್ಮ ಜಿಲ್ಲೆಯಿಂದಲೂ, ಬಳ್ಳಾರಿಯ ಸೀಮೆಯಿಂದಲೂ, ಆಂಧ್ರದಿಂದಲೂ ರೈತರು ಸಾಲದ ಲಾರಿಗಳಲ್ಲಿ ಕಾಯಿ ಹೇರಿಕೊಂಡು ಬಂದಿದ್ದರು. ಟೆಂಡರಿನ ದರ ಹೊರಬಿದ್ದಾಗ ಅದು ಒಮ್ಮೆಲೆ ಕುಸಿದಿದ್ದಿತು. ಉಳಿದುದನ್ನು ಪತ್ರಿಕೆಗಳಲ್ಲಿ ವಾಚಕರೆಲ್ಲ ಓದಿದ್ದಾರೆ: ಮಾರುಕಟ್ಟೆ ಸಮಿತಿಯ ಕಚೇರಿಗೆ ಕಲ್ಲು, ಬೆಂಕಿ, ಉರಿದ ವಾಹನಗಳು, ಬಳಿಕ ಪೊಲೀಸರು, ಮೊಕದ್ದಮೆಗಳು, ಬಂಧನಗಳು.

“ನಾ ಬೆಂಕಿ ಹಚ್ಚಲಿಲ್ರಿ ಸರ” ಎಂದರು ಅಜ್ಜ. ಸ್ವಲ್ಪ ತಡೆದು, “ಆದ್ರ ಆರಸಾಕೂ ಹೋಗಲಿಲ್ಲ” ಎಂದರು.

ಈ ಒಂದು ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಬೆಂಕಿಯನ್ನು ಸಮರ್ಥಿಸುವವನು ನಾನಲ್ಲ. ಸುಟ್ಟ ಕಚೇರಿಯಿಂದ ಯಾವ ರೈತನ ಸಾಲವೂ ತೀರುವುದಿಲ್ಲ. ಆದರೆ ಒಬ್ಬ ಸಭ್ಯ ಮುದುಕ ಕೈಕಟ್ಟಿ ನಿಂತು ಆ ಉರಿಯನ್ನು ನೋಡಿದನೆಂದರೆ, ಅವನ ಒಳಗೆ ಆ ಮುನ್ನವೇ ಏನೋ ಸುಟ್ಟುಹೋಗಿರಬೇಕು.

ಪೇಟೆ ಬಿದ್ದದ್ದು ಎರಡೂ ಕಡೆ. ಲಂಡನ್ನಿನಲ್ಲಿ ಸಾಲಪತ್ರಗಳನ್ನು ಕೊಳ್ಳುವ ಸಾಹುಕಾರ ಮುನಿದರೆ ಅದಕ್ಕೆ ‘ಮಾರುಕಟ್ಟೆಯ ಅಭಿಪ್ರಾಯ’ವೆಂಬ ಗೌರವದ ಹೆಸರುಂಟು. ಪಂಡಿತರು ಅದಕ್ಕೆ ಭಾಷ್ಯ ಬರೆಯುತ್ತಾರೆ, ಬ್ಯಾಂಕು ಬರಿಗಾಲಲ್ಲಿ ಓಡಿಬರುತ್ತದೆ, ಮಂತ್ರಿ ಮನೆಗೆ ಹೋಗುತ್ತಾನೆ. ಬ್ಯಾಡಗಿಯಲ್ಲಿ ಸರಕು ಹೊತ್ತುತಂದವನು ಮುನಿದರೆ ಅದರ ಹೆಸರು ದೊಂಬಿ, ಬರುವುದು ಲಾಠಿ, ಹೋಗುವವನು ಅವನೇ, ಅದೂ ಮನೆಗಲ್ಲ. ಸಾಹುಕಾರನಿಗೆ ಕಲ್ಲೆಸೆಯುವ ಗರಜು ಬೀಳುವುದಿಲ್ಲ. ಅವನು ಕೋಣೆಯಲ್ಲಿ ಕುಳಿತು ಒಂದು ಗುಂಡಿಯನ್ನು ಒತ್ತಿದರೆ ಸಾಕು, ಸರಕಾರವೇ ಉರುಳುತ್ತದೆ. ರೈತನ ಮುನಿಸಿಗೆ ಒತ್ತಲು ಗುಂಡಿಯಿಲ್ಲ. ಅವನ ಕೋಪ ಅಸಭ್ಯವಾಗಿ ಕಾಣುವುದಕ್ಕೆ ಅರ್ಧ ಕಾರಣ ಅದೇ.

ರೈಲು ಮತ್ತೆ ಹೊರಟಿತು. ಅಜ್ಜ ಅಳಿಯನ ವಿಷಯಕ್ಕೆ ಮರಳಿದರು: “ಅಳಿಯಾರ ಮನಿಯಾಕಿ ತೆರಿಗಿ ಕಟ್ಟಲಿಲ್ಲ ಅಂತ ಗದ್ದಲ ಆಗಿತ್ತಲ್ರಿ?”

ಅವರು ಕಾಯಿದೆ ಮುರಿದಿರಲಿಲ್ಲ ಎಂದು ನಾನು ಸ್ಪಷ್ಟಪಡಿಸಿದೆ. ಬ್ರಿಟನ್ನಿನಲ್ಲಿ ವಾಸವಾಗಿದ್ದೂ ಪರದೇಶವನ್ನು ತನ್ನ ಮೂಲನೆಲೆಯೆಂದು ತೋರಿಸಬಲ್ಲವರು ಹೊರಗಿನ ಆದಾಯಕ್ಕೆ ಅಲ್ಲಿ ತೆರಿಗೆ ಕೊಡಬೇಕಾಗಿರಲಿಲ್ಲ. ಅಕ್ಷತಾ ಅವರು ಆ ಸೌಕರ್ಯಕ್ಕಾಗಿ ವರ್ಷಕ್ಕೆ 30,000 ಪೌಂಡು ಶುಲ್ಕ ಕೊಡುತ್ತಿದ್ದರು. 2022ರ ಏಪ್ರಿಲಿನಲ್ಲಿ ಇದು ಚರ್ಚೆಗೆ ಬಂದಾಗ, ಮುಂದೆ ಎಲ್ಲ ಆದಾಯಕ್ಕೂ ಅಲ್ಲಿಯೇ ತೆರಿಗೆ ಕೊಡುವೆನೆಂದು ಅವರೇ ಸಾರಿದರು. ಈ ನಿಯಮದ ಮೂಲ ಇರುವುದು 1799ರಲ್ಲಿ, ಅಂದರೆ ಶ್ರೀರಂಗಪಟ್ಟಣ ಬಿದ್ದ ವರ್ಷದಲ್ಲಿ. ವಸಾಹತುಗಳಲ್ಲಿ ತೋಟ, ಆಸ್ತಿಗಳನ್ನುಳ್ಳ ಬ್ರಿಟಿಷ್ ಧನಿಕರಿಗೆ ಯುದ್ಧಕಾಲದ ತೆರಿಗೆಯ ಬಿಸಿ ತಗಲದಿರಲೆಂದು ಆದ ಏರ್ಪಾಡು ಅದು. ಅವರ ಸಾಮ್ರಾಜ್ಯ ಮುಳುಗಿ ಎಷ್ಟೋ ವರ್ಷಗಳಾದವು. ಸಾಮ್ರಾಜ್ಯಕ್ಕೆಂದು ಹಿಡಿದ ಈ ಕೊಡೆ ಮಾತ್ರ 2025ರ ಏಪ್ರಿಲಿನವರೆಗೆ ಬಿಚ್ಚಿಕೊಂಡೇ ಇತ್ತು. ಕೊಡೆಯ ನೆರಳಿನಲ್ಲಿ ಕೊನೆಗೆ ಭಾರತದ ಮಗಳೊಬ್ಬಳು ನಿಂತಿದ್ದಳೆಂಬುದು ಇತಿಹಾಸದ ವಿನೋದ.

ವಿಲಾಯತಿಯ ತೆರಿಗೆಯೊಡನೆ ಬ್ಯಾಡಗಿ ತಾಲೂಕಿಗೆ ಇದಕ್ಕೂ ಹಳೆಯ, ಇದಕ್ಕಿಂತ ಕಠಿಣವಾದ ಸಂಬಂಧವಿದೆ. 1930ರ ಮಾರ್ಚ್ 12ರಂದು ಉಪ್ಪಿನ ತೆರಿಗೆಯನ್ನು ಮುರಿಯಲು ಗಾಂಧೀಜಿ ಸಾಬರಮತಿಯಿಂದ ದಂಡಿಗೆ ಹೊರಟಾಗ ಅವರ ತಂಡದಲ್ಲಿ ಹದಿನೆಂಟರ ತರುಣನೊಬ್ಬನಿದ್ದ: ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ. ಹದಿಮೂರು ವರ್ಷಗಳ ಮೇಲೆ, 1943ರ ಏಪ್ರಿಲ್ 1ರಂದು, ಹೊಸರಿತ್ತಿಯಲ್ಲಿ ಸರಕಾರ ಕೂಡಿಹಾಕಿದ್ದ ಕಂದಾಯದ ಹಣವನ್ನು ವಶಪಡಿಸಿಕೊಳ್ಳಲು ಹೋಗಿ, ಗುಂಡಿಗೆ ಎದೆಯೊಡ್ಡಿ, ಇಬ್ಬರು ಸಂಗಾತಿಗಳೊಡನೆ ಅವರು ಹುತಾತ್ಮರಾದರು. ಬ್ಯಾಡಗಿಯ ಪೇಟೆ ಹೊತ್ತಿ ಉರಿದ ಮರುದಿನ ದಂಡಿಯಾತ್ರೆಗೆ ತೊಂಬತ್ತನಾಲ್ಕು ವರ್ಷ ತುಂಬಿತು. ಕಚೇರಿಯ ಹೊಗೆ ಆರುವ ಮುನ್ನ ಯಾರಿಗೆ ತಾನೇ ಇದು ನೆನಪಾದೀತು?

ಎರಡು ಘಟನೆಗಳನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವ ಅಪಚಾರವನ್ನು ನಾನು ಮಾಡಲಾರೆ. ಒಂದು ತ್ಯಾಗ, ಇನ್ನೊಂದು ಹತಾಶೆ. ಆದರೆ ಎರಡರ ಹಿಂದೆಯೂ ಇರುವ ಪ್ರಶ್ನೆ ಒಂದೇ: ನನ್ನ ಬೆವರಿಗೆ ಬೆಲೆ ಕಟ್ಟುವವನು ನನ್ನನ್ನು ಒಂದು ಮಾತು ಕೇಳಬೇಡವೇ? ಅಂದು ಬೆಲೆ ಕಟ್ಟುತ್ತಿದ್ದವನು ಯಾರೆಂದು ಗೊತ್ತಿತ್ತು. ಅವನನ್ನು ‘ತೊಲಗು’ ಎನ್ನಬಹುದಿತ್ತು. ಇಂದು ಕಟ್ಟುವವನಿಗೆ ಮುಖವೇ ಇಲ್ಲ. ಬ್ಯಾಡಗಿಯಲ್ಲಿ ಶೀತಲಗೃಹಗಳಿವೆ, ನಿಜ. ಆದರೆ ಸಾಲದ ವಾಯಿದೆ ತುಂಬಿದವನು ಕಾಯಿಯನ್ನು ಕಾಯಿಸಬಲ್ಲ, ಸಾಹುಕಾರನನ್ನು ಕಾಯಿಸಲಾರ. ಒಟ್ಟಿದ ಚೀಲದ ಮೇಲೆ ಹಗುರ ಬಡ್ಡಿಯ ಸಾಲ, ಊರು ಬಿಡುವ ಮುನ್ನವೇ ದರದ ನಿಜವಾದ ಸುಳಿವು, ದರ ಬಿದ್ದ ದಿನ ಎದುರಿಗೆ ನಿಂತು ಕಾರಣ ಹೇಳುವ ಒಬ್ಬ ಅಧಿಕಾರಿ: ಇವು ಮೂರಿದ್ದರೆ ಆ ಸೋಮವಾರ ಬೇರೆಯಾಗುತ್ತಿತ್ತೆಂದು ನಾನು ನಂಬಿದ್ದೇನೆ. ಪೌಂಡು ಬಿದ್ದಾಗ ಬ್ಯಾಂಕು ಓಡಿಬಂದ ಹಾಗೆ ಮೆಣಸಿನಕಾಯಿ ಬಿದ್ದಾಗಲೂ ಯಾರಾದರೂ ಓಡಿಬರಬೇಕು. ವಿಲಾಯತಿಯಿಂದ ನಾವು ಕಲಿಯಬೇಕಾದದ್ದು ಇದು. ಅದು ಬಿಟ್ಟು ಅಲ್ಲಿಯ ಗಾದಿಯ ಮೇಲೆ ನಮ್ಮ ಅಳಿಯ ಕುಳಿತನೆಂದು ಹಿಗ್ಗುವುದೂ, ಇಳಿದನೆಂದು ಕುಗ್ಗುವುದೂ ಹೊತ್ತು ಹೋಗದವರ ಕೆಲಸ.

ಹಾವೇರಿ ಬಂದಿತು. ನಿಲ್ದಾಣದ ಹಲಗೆಯ ಮೇಲೆ ಮೈಲಾರ ಮಹಾದೇವಪ್ಪನವರ ಹೆಸರಿದೆ. ಇಳಿಯುವ ಆತುರದಲ್ಲಿ ಅದನ್ನು ಓದುವವರು ಕಡಿಮೆ. ಅಜ್ಜ ರುಮಾಲನ್ನು ಸರಿಪಡಿಸಿಕೊಂಡು ಕೈಚೀಲ ಹಿಡಿದು ಇಳಿದರು. ಜನಸಂದಣಿಯಲ್ಲಿ ಮರೆಯಾಗುವ ಮೊದಲು ಒಮ್ಮೆ ಹಿಂದಿರುಗಿ ನನ್ನನ್ನು ಕೇಳಿದರು:

“ಅಳಿಯಾರದೇನ್ರಿ, ಇನ್ನೊಂದು ನೌಕರಿ ಸಿಗತೈತಿ. ಈ ವರ್ಷ ಕಾಯಿ ಬಿತ್ತಲೋ ಬ್ಯಾಡೋ, ಅದು ಹೇಳ್ರಿ.”

ನನ್ನ ಕೈಯಲ್ಲಿ ಪತ್ರಿಕೆಯಿತ್ತು. ಅದರಲ್ಲಿ ಲಂಡನ್ನಿನ ಸುದ್ದಿ ಎರಡು ಪುಟ ತುಂಬ ಇದ್ದಿತು. ಅಜ್ಜನ ಪ್ರಶ್ನೆಗೆ ಉತ್ತರ ಮಾತ್ರ ಯಾವ ಪುಟದಲ್ಲಿಯೂ ಇರಲಿಲ್ಲ.