ಮನೆಯ ನಾಯಿ, ಬೀದಿಯ ಹೊಣೆ

ಬೆಂಗಳೂರಿನ ಜಯನಗರ ಬಡಾವಣೆಗೆ 1948ರಲ್ಲಿ ಅಸ್ತಿಭಾರ ಬಿದ್ದಿತು. ಅಗಲವಾದ ರಸ್ತೆಗಳು, ಸಾಲುಮರಗಳು, ಅಲ್ಲಲ್ಲಿ ಮೈದಾನ ಉದ್ಯಾನಗಳು, ಮನೆಯ ಸುತ್ತಲೂ ಒಂದಿಷ್ಟು ಅಂಗಳ—ಇಂಥ ನಕ್ಷೆಯ ಊರಿನಲ್ಲಿ ನಾಯಿ ಸಾಕುವವರಿಗೆ ಹೆಚ್ಚಿನ ತೊಡಕೇನೂ ಇರಲಿಲ್ಲ. ನಾಯಿ ಅಂಗಳದಲ್ಲಿರುತ್ತಿತ್ತು, ಗೇಟಿನ ಮೇಲೆ ‘ನಾಯಿ ಇದೆ, ಎಚ್ಚರಿಕೆ’ ಎಂಬ ತಗಡಿನ ಹಲಗೆ ಇರುತ್ತಿತ್ತು, ಮನೆಯಲ್ಲಿ ಮಿಕ್ಕ ಅನ್ನ ಅದರ ಪಾಲಿಗೆ ಬರುತ್ತಿತ್ತು. ಇಂದು ಆ ಮನೆಗಳಲ್ಲಿ ಅನೇಕವು ಉರುಳಿ, ಅವುಗಳ ನಿವೇಶನಗಳ ಮೇಲೆ ಹಲವು ಅಂತಸ್ತಿನ ಕಟ್ಟಡಗಳು ಎದ್ದಿವೆ. ಅಂಗಳ ಹೋಯಿತು; ನಾಯಿ ಹೋಗಲಿಲ್ಲ. ಅದು ಲಿಫ್ಟಿನಲ್ಲಿ ಮೇಲೇರಿ ನಡುಮನೆಗೇ ಬಂದಿತು. ಹಿಂದೆ ಅಂಗಳದಲ್ಲಿ ನಡೆಯುತ್ತಿದ್ದ ಅದರ ಓಡಾಟ, ಬೊಗಳಾಟ, ಮಲಮೂತ್ರ ವಿಸರ್ಜನೆಗಳಿಗೆಲ್ಲ ಈಗ ಬೀದಿಯೇ ಗತಿಯಾಗಿದೆ. ಅಂದರೆ, ಒಬ್ಬರ ನಾಯಿ ಎಲ್ಲರ ಸಮಸ್ಯೆಯಾಗಿದೆ.

ಈ ಬಗ್ಗೆ ನಡೆಯುವ ಜಗಳಗಳನ್ನು ನಾವು ಬಹುಕಾಲದಿಂದ ಕೇಳುತ್ತ ಬಂದಿದ್ದೇವೆ. ನಾಯಿಯೇ ಬೇಡವೆನ್ನುವುದು ಒಂದು ಪಕ್ಷ; ನಾಯಿ ಮಗುವಿನಂತೆ, ಅದರ ವಿಷಯದಲ್ಲಿ ಮಾತೆತ್ತಕೂಡದು ಎನ್ನುವುದು ಇನ್ನೊಂದು ಪಕ್ಷ. ನಾಯಿ ಎಂಬುದು ತನ್ನದೇ ಆದ ದೇಹಧರ್ಮವುಳ್ಳ ಒಂದು ಪ್ರಾಣಿ ಎಂಬುದನ್ನು ಎರಡು ಪಕ್ಷದವರೂ ಮರೆಯುವರು. ಅದನ್ನು ಅರಿತು ನಡೆದರೆ ಜಗಳಗಳಲ್ಲಿ ಮುಕ್ಕಾಲು ಪಾಲು ಹುಟ್ಟುವುದೇ ಇಲ್ಲವೆಂಬುದು ನಮ್ಮ ಅಭಿಪ್ರಾಯ.

ಮೊದಲು ತಳಿಯ ಆಯ್ಕೆಯನ್ನೇ ತೆಗೆದುಕೊಳ್ಳೋಣ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವ ಶಕ್ತಿಯಿಲ್ಲ. ಬೆವರಿನ ಗ್ರಂಥಿಗಳು ಕೆಲಸಮಾಡುವುದು ಮುಖ್ಯವಾಗಿ ಅದರ ಅಂಗಾಲುಗಳಲ್ಲಿ. ಮಿಕ್ಕ ಶಾಖವನ್ನೆಲ್ಲ ಅದು ನಾಲಗೆ ಚಾಚಿ ಏದುಸಿರು ಬಿಟ್ಟು, ಬಾಯಿ ಮೂಗುಗಳ ತೇವವನ್ನು ಆವಿಯಾಗಿಸಿ ಹೊರಹಾಕಬೇಕು. ಈಶಾನ್ಯ ಸೈಬೀರಿಯದ ಚುಕ್ಚಿ ಜನರು ಹಿಮದ ಮೇಲೆ ಬಂಡಿ ಎಳೆಸಲು ಬೆಳೆಸಿದ ಹಸ್ಕಿ ನಾಯಿಯು ಎರಡು ಪದರದ ತುಪ್ಪುಳನ್ನು ಹೊತ್ತು ನಮ್ಮ ಏಪ್ರಿಲ್ ತಿಂಗಳಿನಲ್ಲಿ ನಡೆಯುವುದನ್ನು ಕಂಡರೆ ಯಾರಿಗಾದರೂ ಮರುಕ ಹುಟ್ಟಬೇಕು. ಬೆಂಗಳೂರು ತಂಪಿನ ಊರೆಂಬುದು ನಿಜ. ಆದರೂ 2016ರ ಏಪ್ರಿಲಿನಲ್ಲಿ ಇಲ್ಲಿ 39.2 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆ ದಾಖಲಾಗಿತ್ತು. ಗಾಳಿ ಅಷ್ಟು ಕಾದಾಗ ಡಾಂಬರು ರಸ್ತೆ ಇನ್ನೂ ಹೆಚ್ಚು ಕಾದಿರುತ್ತದೆ, ನಾಯಿಯ ಕಾಲಿಗೆ ಚಪ್ಪಲಿಯಿಲ್ಲ. ಪಗ್ ಎಂಬ ಚಪ್ಪಟೆ ಮೂತಿಯ ನಾಯಿಯ ಪಾಡು ಬೇರೆ ಬಗೆಯದು. 2003ರ ಸುಮಾರಿಗೆ ಒಂದು ದೂರವಾಣಿ ಕಂಪೆನಿಯ ಜಾಹೀರಾತಿನಿಂದ ದೇಶದ ತುಂಬ ಅದಕ್ಕೆ ಬೇಡಿಕೆ ಹುಟ್ಟಿತು. ಮೂತಿಯನ್ನು ಮೊಟಕು ಮಾಡುತ್ತ ತಳಿ ಬೆಳೆಸಿದಾಗ ಎಲುಬು ಕುಗ್ಗಿತೇ ಹೊರತು ಒಳಗಿನ ಮೃದುವಾದ ಅಂಗಾಂಶ ಅದೇ ಪ್ರಮಾಣದಲ್ಲಿ ಕುಗ್ಗಲಿಲ್ಲ. ಆದಕಾರಣ ಗಾಳಿಯ ದಾರಿ ಇಕ್ಕಟ್ಟಾಯಿತು. ಮನೆಯವರು ಮುದ್ದೆಂದು ನಗುವ ಅದರ ಗೊರಕೆ ವಾಸ್ತವವಾಗಿ ಉಸಿರಿಗೆ ತಡಕಾಡುವ ಸದ್ದು.

ನಾಯಿಮರಿಯನ್ನು ತರುವ ಆತುರದಲ್ಲಿ ಅದರ ವಯಸ್ಸನ್ನು ಕೇಳುವವರು ಕಡಿಮೆ. ಎಂಟು ವಾರ ತುಂಬದ ಮರಿಯನ್ನು ಮಾರಕೂಡದೆಂದು ಕೇಂದ್ರ ಸರ್ಕಾರದ 2017ರ ನಿಯಮಗಳು ಹೇಳುತ್ತವೆ. ಮರಿಯು ತಾಯಿಯಿಂದಲೂ ಒಡಹುಟ್ಟಿದವುಗಳಿಂದಲೂ ಆಟದಲ್ಲಿ ಎಷ್ಟು ಬಲವಾಗಿ ಕಚ್ಚಬಹುದೆಂಬ ಪಾಠವನ್ನು ಕಲಿಯುವುದು ಈ ವಾರಗಳಲ್ಲೇ. ಈ ಪಾಠ ತಪ್ಪಿದ ಮರಿಯು ಮನೆಯ ಮಕ್ಕಳ ಕೈಯನ್ನು ಕಚ್ಚಿದರೆ ದೋಷ ಮರಿಯದಲ್ಲ. ಲಸಿಕೆಗೂ ವಯಸ್ಸಿಗೂ ಸಂಬಂಧವುಂಟು. ಒಂದೇ ಲಸಿಕೆಯನ್ನು ಮೂರು ನಾಲ್ಕು ಬಾರಿ ಏಕೆ ಹಾಕಿಸಬೇಕು, ಇದು ವೈದ್ಯರು ಹಣ ಕೀಳುವ ಉಪಾಯವಲ್ಲವೆ ಎಂದು ಕೇಳುವವರಿದ್ದಾರೆ. ಮರಿಗೆ ತಾಯಿಯ ಮೊದಲ ಹಾಲಿನಿಂದ ಬಂದ ಪ್ರತಿಕಾಯಗಳು ಅದರ ರಕ್ತದಲ್ಲಿ ಕೆಲವು ವಾರ ಉಳಿದಿರುತ್ತವೆ. ಅವು ರೋಗಾಣುವನ್ನು ತಡೆಯುವಂತೆಯೇ ಲಸಿಕೆಯನ್ನೂ ನಿಷ್ಫಲಗೊಳಿಸುವುವು. ಅವು ಯಾವ ವಾರ ಇಳಿದುಹೋಗುತ್ತವೆಂದು ಮರಿಯ ಮುಖ ನೋಡಿ ಹೇಳಲಾಗದು. ಆದುದರಿಂದಲೇ ಆರೆಂಟು ವಾರಗಳಿಂದ ಹದಿನಾರು ವಾರಗಳವರೆಗೆ ಮತ್ತೆ ಮತ್ತೆ ಹಾಕುವುದು. ನಡುವೆ ಬಿಟ್ಟ ಮರಿಯನ್ನು ಪಾರ್ವೊ ವೈರಸ್ ಕಾದುಕೊಂಡಿರುತ್ತದೆ. 1978ರಲ್ಲಿ ಮೊದಲು ಗುರುತಿಸಲ್ಪಟ್ಟ ಈ ಕಾಯಿಲೆಯ ರೋಗಾಣು ನೆಲದಲ್ಲಿ ತಿಂಗಳುಗಟ್ಟಲೆ ಬದುಕಬಲ್ಲದು. ನಮ್ಮ ಪಾದರಕ್ಷೆಗೆ ಅಂಟಿಕೊಂಡೇ ಅದು ಮೂರನೆಯ ಅಂತಸ್ತಿಗೆ ಬರಬಲ್ಲದು.

ಇವೆಲ್ಲವೂ ನಾಯಿಯ ಕ್ಷೇಮದ ಮಾತು. ನೆರೆಯವರ ಪ್ರಾಣಕ್ಕೆ ಸಂಬಂಧಿಸಿದುದು ಹುಚ್ಚುನಾಯಿ ರೋಗ, ಅಂದರೆ ರೇಬೀಸ್. ಇದರ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಏಕೆಂದರೆ ಅನುಮಾನಾಸ್ಪದ ಪ್ರಾಣಿಗಳಿಂದ ಕಚ್ಚಿಸಿಕೊಳ್ಳುವ ಜನರಲ್ಲಿ ನೂರಕ್ಕೆ 40 ಮಂದಿ ಹದಿನೈದು ವರ್ಷದೊಳಗಿನವರೆಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸುತ್ತದೆ. ಅವರಲ್ಲಿ ಅನೇಕರು ಬೈಗುಳಕ್ಕೆ ಹೆದರಿ ಮನೆಯಲ್ಲಿ ಹೇಳುವುದಿಲ್ಲ.

ರೋಗಾಣು ನಾಯಿಯ ಜೊಲ್ಲಿನಲ್ಲಿರುತ್ತದೆ. ಕಚ್ಚಿದ ಜಾಗದ ಸ್ನಾಯುವಿನಿಂದ ಅದು ನರದ ತುದಿಯನ್ನು ಹೊಕ್ಕು, ರಕ್ತದಲ್ಲಿ ಸಂಚರಿಸದೆ ನರದ ಒಳಹಾದಿಯಲ್ಲೇ ನಿಧಾನವಾಗಿ ಮೆದುಳಿನ ಕಡೆಗೆ ಸಾಗುತ್ತದೆ. ಈ ಪಯಣಕ್ಕೆ ಸಾಮಾನ್ಯವಾಗಿ ಎರಡು ಮೂರು ತಿಂಗಳು ಹಿಡಿಯುತ್ತದೆ. ಮುಖಕ್ಕೆ ಕಚ್ಚಿದ್ದರೆ ದಾರಿ ಹತ್ತಿರವಾದುದರಿಂದ ಬೇಗ. ಮೆದುಳನ್ನು ಮುಟ್ಟಿ ಲಕ್ಷಣಗಳು ಕಾಣಿಸಿಕೊಂಡ ಬಳಿಕ ಬದುಕಿ ಉಳಿದವರು ಬೆರಳೆಣಿಕೆಯಷ್ಟೇ ಮಂದಿ. ಆದರೆ ಮೆದುಳನ್ನು ಮುಟ್ಟುವ ಮೊದಲು ತಡೆದರೆ ರೋಗ ಬಾರದಂತೆ ಮಾಡಬಹುದು. 1885ರ ಜುಲೈ 6ರಂದು ಪ್ಯಾರಿಸಿನಲ್ಲಿ ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಬಾಲಕನಿಗೆ ಲೂಯಿ ಪಾಸ್ಚರ್ ಚಿಕಿತ್ಸೆ ಆರಂಭಿಸಿದಾಗ ನೆಚ್ಚಿದ್ದುದು ಈ ವಿಳಂಬವನ್ನೇ.

ಮೊದಲು ಮಾಡಬೇಕಾದ ಕೆಲಸಕ್ಕೆ ವೈದ್ಯರೂ ಬೇಕಿಲ್ಲ. ರೇಬೀಸ್ ವೈರಸ್ಸಿನ ಹೊರಕವಚದಲ್ಲಿ ಕೊಬ್ಬಿನ ಪದರವಿದೆ. ಸಾಬೂನು ಎಣ್ಣೆಯ ಜಿಡ್ಡನ್ನು ಕರಗಿಸುವಂತೆ ಅದನ್ನೂ ಒಡೆಯುತ್ತದೆ. ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆದರೆ ಗಾಯದಲ್ಲಿರುವ ರೋಗಾಣುಗಳಲ್ಲಿ ಬಹುಪಾಲು ಅಲ್ಲೇ ನಾಶವಾಗುವುವು. ನಮ್ಮ ಮನೆಗಳಲ್ಲಾದರೋ ಸುಣ್ಣ, ಅರಿಸಿನ, ಮೆಣಸಿನಪುಡಿಗಳ ಡಬ್ಬಿಗೆ ಮೊದಲು ಕೈಹೋಗುವುದು! ಇವು ಗಾಯವನ್ನು ಕೆರಳಿಸುವುವಲ್ಲದೆ ಬೇರೇನೂ ಮಾಡವು. ತೊಳೆದ ಮೇಲೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಲಸಿಕೆಯಿಂದ ದೇಹವು ಪ್ರತಿಕಾಯಗಳನ್ನು ತಯಾರಿಸಿಕೊಳ್ಳಲು ಒಂದೆರಡು ವಾರ ಹಿಡಿಯುವುದರಿಂದ, ರಕ್ತ ಬಂದ ಗಾಯಗಳಿಗೆ ಸಿದ್ಧ ಪ್ರತಿಕಾಯಗಳನ್ನೇ ಗಾಯದ ಸುತ್ತ ಚುಚ್ಚುವರು. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿಮದ್ದುಗಳೆಂದು ಅಜ್ಜಂದಿರು ಹೆದರಿಸುವುದು ಹಳೆಯ ಕತೆ. ಕುರಿಯ ಮೆದುಳಿನಿಂದ ಮಾಡುತ್ತಿದ್ದ ಆ ಲಸಿಕೆಯನ್ನು ಭಾರತ 2004ರ ಕೊನೆಯಲ್ಲಿ ಕೈಬಿಟ್ಟಿತು. ಈಗ ಕೆಲವೇ ಸೂಜಿಗಳು, ಅವೂ ತೋಳಿನಲ್ಲಿ.

‘ಅದು ಮನೆಯ ನಾಯಿ, ಅದಕ್ಕೆ ಹುಚ್ಚು ಎಲ್ಲಿಂದ ಬಂದೀತು?’ ಎಂಬ ಮಾತನ್ನು ನಾವು ವಿದ್ಯಾವಂತರ ಬಾಯಿಂದಲೂ ಕೇಳಿದ್ದೇವೆ. ವೈರಸ್ಸಿಗೆ ಮನೆ ಬೀದಿಗಳೆಂಬ ಭೇದವಿಲ್ಲ. ಗೇಟಿನ ಸಂದಿಯಲ್ಲಿ ಮೂತಿ ತೂರಿಸಿ ಬೀದಿಯ ನಾಯಿಯೊಡನೆ ಜಗಳವಾಡಿದ ಸಾಕುನಾಯಿಗೆ ತಗಲಿದ ಒಂದು ಹಲ್ಲಿನ ಗಾಯ ಉದ್ದ ಕೂದಲಿನಡಿಯಲ್ಲಿ ಯಾರಿಗೂ ಕಾಣದೆ ಇರಬಹುದು. ಲಕ್ಷಣಗಳು ತೋರುವ ಕೆಲವು ದಿನ ಮೊದಲೇ ಅದರ ಜೊಲ್ಲಿನಲ್ಲಿ ರೋಗಾಣು ಬಂದಿರುತ್ತದೆ. ಕಚ್ಚಿದ ನಾಯಿಯನ್ನು ಹತ್ತು ದಿನ ಕಟ್ಟಿ ನೋಡಬೇಕೆಂಬ ನಿಯಮದ ಅರ್ಥ ಇಷ್ಟೆ: ಹತ್ತು ದಿನವೂ ಅದು ಆರೋಗ್ಯವಾಗಿದ್ದರೆ, ಕಚ್ಚಿದಾಗ ಜೊಲ್ಲಿನಲ್ಲಿ ರೋಗಾಣು ಇರಲಿಲ್ಲ. ಆದರೆ ಆ ಹತ್ತು ದಿನ ಕಾದು ನಂತರ ಲಸಿಕೆ ಹಾಕಿಸಿಕೊಳ್ಳೋಣವೆಂದು ಕೂರಕೂಡದು. ಲಸಿಕೆ ಮೊದಲು, ಕಾಯುವುದು ಜೊತೆಯಲ್ಲಿ. ಬೊಗಳುವ ನಾಯಿ ಕಚ್ಚುವುದಿಲ್ಲವೆಂಬ ಗಾದೆಯನ್ನು ಕಟ್ಟಿದವರು ಯಾವ ನಾಯಿಯನ್ನು ನೋಡಿದ್ದರೋ ತಿಳಿಯದು.

ಜಯನಗರದ ಮಗ್ಗುಲಲ್ಲೇ ಇರುವ ನಿಮ್ಹಾನ್ಸ್ ಸಂಸ್ಥೆಯಲ್ಲಿ ರೇಬೀಸ್ ಸಂಶೋಧನೆಗಾಗಿ ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗ ಕೇಂದ್ರವಿದೆ. ಇಷ್ಟು ಸಮೀಪದಲ್ಲಿ ಇಷ್ಟು ವಿದ್ಯೆ ಇದ್ದೂ ಅಕ್ಕಪಕ್ಕದ ಬೀದಿಗಳಲ್ಲಿ ಲಸಿಕೆಯಿಲ್ಲದ ಸಾಕುನಾಯಿ ಇರುವುದು ನಾಚಿಕೆಯ ಸಂಗತಿ. ನೂರಕ್ಕೆ 70 ನಾಯಿಗಳಿಗೆ ಲಸಿಕೆ ಹಾಕಿದರೆ ಊರಿನಲ್ಲಿ ರೋಗದ ಸರಪಳಿ ಕಡಿಯುತ್ತದೆಂದು ತಜ್ಞರು ಲೆಕ್ಕಹಾಕಿದ್ದಾರೆ. ಬೀದಿನಾಯಿಗಳನ್ನು ಹಿಡಿದು ಚುಚ್ಚುವುದು ಕಷ್ಟ. ಸಾಕುನಾಯಿಯಾದರೋ ಕರೆದರೆ ಬರುತ್ತದೆ.

ಇಲ್ಲಿ ಸರ್ಕಾರದ ಮಾತು ಬರುತ್ತದೆ. ನಗರದ ಮಹಾನಗರಪಾಲಿಕೆ 2018ರಲ್ಲಿ ಸಾಕುನಾಯಿಗಳ ಪರವಾನಗಿಗಾಗಿ ನಿಯಮಗಳನ್ನು ಹೊರಡಿಸಿ, ಅಪಾರ್ಟ್‌ಮೆಂಟಿನ ಮನೆಗೆ ಒಂದೇ ನಾಯಿ, ಅದೂ ಪಟ್ಟಿಯಲ್ಲಿರುವ ತಳಿಗಳದೇ ಎಂದು ವಿಧಿಸಿತು. ಪ್ರತಿಭಟನೆಯ ಗದ್ದಲವೆದ್ದೊಡನೆ ಹಿಂದೆ ಸರಿಯಿತು. 2024ರ ಮಾರ್ಚಿಯಲ್ಲಿ ಕೇಂದ್ರ ಸರ್ಕಾರ 23 ತಳಿಗಳನ್ನು ಕ್ರೂರವೆಂದು ಎಣಿಸಿ ನಿಷೇಧಿಸುವಂತೆ ರಾಜ್ಯಗಳಿಗೆ ಬರೆಯಿತು. ಏಪ್ರಿಲಿನಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯ ಆ ಸುತ್ತೋಲೆಯನ್ನು ರದ್ದುಪಡಿಸಿತು. ತಳಿಯ ಪಟ್ಟಿ ಮಾಡುವ ಈ ಚಟ ನಮಗೆ ಒಪ್ಪಿಗೆಯಿಲ್ಲ. 18,000ಕ್ಕಿಂತ ಹೆಚ್ಚು ನಾಯಿಗಳ ಒಡೆಯರನ್ನು ಪ್ರಶ್ನಿಸಿ, ಎರಡು ಸಾವಿರದಷ್ಟು ನಾಯಿಗಳ ವಂಶವಾಹಿಗಳನ್ನು ಓದಿ 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವೊಂದು, ನಾಯಿ ನಾಯಿಯ ನಡುವಿನ ನಡತೆಯ ವ್ಯತ್ಯಾಸದಲ್ಲಿ ತಳಿಯ ಪಾಲು ನೂರಕ್ಕೆ ಸುಮಾರು 9 ಮಾತ್ರವೆಂದು ತೋರಿಸಿತು. ದೊಡ್ಡ ನಾಯಿ ಕಚ್ಚಿದರೆ ಗಾಯ ದೊಡ್ಡದೆಂಬುದು ಬೇರೆಯ ಮಾತು. ಅದಕ್ಕೆ ಬೇಕಾದುದು ಗಟ್ಟಿಯಾದ ಹಗ್ಗ ಮತ್ತು ಅದನ್ನು ಹಿಡಿಯಬಲ್ಲ ಕೈ.

ಆದರೆ ಪರವಾನಗಿ ಎಂಬುದನ್ನೇ ತಳ್ಳಿಹಾಕುವವರ ಮಾತೂ ನಮಗೆ ರುಚಿಸದು. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆತಕೂರಿನ ಶಾಸನವಿದೆ, ವಿದ್ಯಾರ್ಥಿಗಳು ಹೋಗಿ ನೋಡಬೇಕು. ಹತ್ತನೆಯ ಶತಮಾನದ ನಡುವೆ ಗಂಗರ ಬೂತುಗನಿಂದ ಮಣಲೆರನು ಬೇಡಿ ಪಡೆದ ಕಾಳಿ ಎಂಬ ನಾಯಿ ಹಂದಿಯೊಡನೆ ಹೋರಾಡಿ ಸತ್ತಿತು. ಅದರ ಹೆಸರನ್ನೂ ಒಡೆಯನ ಹೆಸರನ್ನೂ ಕಲ್ಲಿನಲ್ಲಿ ಬರೆಸಿ, ಆ ಕಲ್ಲಿನ ಪೂಜೆಗೆ ಭೂಮಿಯನ್ನೂ ಬಿಟ್ಟರು. ಸಾವಿರ ವರ್ಷದ ಹಿಂದಿನ ಆ ನಾಯಿ ಯಾರದು ಎಂದು ನಾವು ಹೇಳಬಲ್ಲೆವು. ಇಂದು ಉದ್ಯಾನದ ಬಾಗಿಲಲ್ಲಿ ಕೊರಳಪಟ್ಟಿಯ ಗುರುತು ಮಾತ್ರ ಉಳಿದು ದಿಕ್ಕುಗಾಣದೆ ನಿಂತ ಲ್ಯಾಬ್ರಡಾರ್ ಯಾರದೆಂದು ಹೇಳಲಾರೆವು. ಅಕ್ಕಿಕಾಳಿನಷ್ಟಿರುವ ಮೈಕ್ರೋಚಿಪ್ ಒಂದನ್ನು ಚರ್ಮದ ಕೆಳಗೆ ಇಟ್ಟರೆ ಈ ಪ್ರಶ್ನೆಗೆ ಉತ್ತರ ಸಿಗುತ್ತದೆ. ತಳಿ ಯಾವುದೆಂದು ಕೇಳದೆ, ಲಸಿಕೆ ಹಾಕಿದೆಯೆ, ಒಡೆಯನಾರು ಎಂದು ಮಾತ್ರ ಕೇಳುವ ಪರವಾನಗಿಯೇ ಸಾಕು.

ಮಲದ ವಿಷಯವನ್ನು ಎತ್ತಿದರೆ ಓದುಗರು ಮೂಗು ಮುಚ್ಚಿಕೊಳ್ಳಬಹುದು. ಬೀದಿಯಲ್ಲಿ ಮುಚ್ಚಿಕೊಳ್ಳುವುದಕ್ಕಿಂತ ಇದು ಮೇಲು. ಅದರಲ್ಲಿರುವ ಕೊಕ್ಕೆಹುಳುವಿನ ಮರಿಗಳು ಬರಿಗಾಲಿನ ಚರ್ಮವನ್ನು ಹೊಕ್ಕು ತುರಿಕೆಯ ಗೆರೆಗಳನ್ನು ಕೊರೆಯುವುವು. ಒಂದು ಕಾಗದ, ಒಂದು ಚೀಲ ಸಾಕು. ಉಣ್ಣೆಯ ಕಾಟವೂ ಹೀಗೆ ಅರ್ಧ ಅರಿವಿನಿಂದ ಬೆಳೆಯುತ್ತದೆ. ನಾಯಿಯ ಮೈಗೆ ಔಷಧ ಹಚ್ಚಿ ಸುಮ್ಮನಾಗುವರು. ರಕ್ತ ಕುಡಿದು ಉದುರಿದ ಹೆಣ್ಣು ಉಣ್ಣೆ ಗೋಡೆಯ ಬಿರುಕಿಗೆ ಹತ್ತಿ ಸಾವಿರಾರು ಮೊಟ್ಟೆಯಿಡುವುದನ್ನು ಅರಿಯರು. ಈರುಳ್ಳಿಯ ಸಾರು, ದ್ರಾಕ್ಷಿ, ಚಾಕೊಲೇಟುಗಳು ನಾಯಿಗೆ ವಿಷವೆಂಬುದನ್ನೂ ಇಲ್ಲಿ ಹೇಳಿಬಿಡೋಣ.

ಇನ್ನೊಂದು ಮಾತು ಉಳಿದಿದೆ. ನಾಯಿಯ ಆಯುಸ್ಸು ಹತ್ತರಿಂದ ಹದಿಮೂರು ವರ್ಷ. ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕ ಪಡೆದುದಕ್ಕೆ ಬಹುಮಾನವಾಗಿ ಬಂದ ಮರಿ ಮುದಿಯಾಗುವ ಹೊತ್ತಿಗೆ, ಅದನ್ನು ಕೇಳಿ ತರಿಸಿಕೊಂಡ ಹುಡುಗ ಹ್ಯಾಂಬರ್ಗಿನಲ್ಲೋ ಸಿಯಾಟಲಿನಲ್ಲೋ ಇರುತ್ತಾನೆ. ಮೂವತ್ತು ಕಿಲೋ ತೂಕದ ನಾಯಿಯ ಹಗ್ಗ ಎಪ್ಪತ್ತು ದಾಟಿದ ತಾಯಿಯ ಕೈಯಲ್ಲಿರುತ್ತದೆ. ಬೆಕ್ಕೊಂದು ಅಡ್ಡ ಬಂದರೆ ಮುರಿಯುವುದು ಆಕೆಯ ಸೊಂಟದ ಎಲುಬು. ಆ ಬಳಿಕ ನಾಯಿಯ ಗತಿಯೇನೆಂದು ಯಾರೂ ಯೋಚಿಸಿರುವುದಿಲ್ಲ. ಕೊರಳಪಟ್ಟಿ ಕಳಚಿದ ನಾಯಿಗಳು ಉದ್ಯಾನದ ಬಾಗಿಲಿಗೆ ಬರುವ ದಾರಿಗಳಲ್ಲಿ ಇದೂ ಒಂದು. ನಮ್ಮ ಸೂಚನೆ ಚಿಕ್ಕದು. ಪರವಾನಗಿಯ ಅರ್ಜಿಯಲ್ಲಿ ಒಡೆಯನ ಹೆಸರಿನ ಕೆಳಗೆ ಇನ್ನೊಂದು ಗೆರೆ ಇರಲಿ. ಅವರಿಂದ ಆಗದಿದ್ದಾಗ ನಾಯಿಯನ್ನು ನೋಡಿಕೊಳ್ಳಲು ಒಪ್ಪಿದವರ ಹೆಸರು ಮತ್ತು ರುಜು ಅಲ್ಲಿರಲಿ. ಮರಿಯನ್ನು ಮಾರುವವರು ಆ ರುಜುವನ್ನು ನೋಡಿದ ಮೇಲೆಯೇ ಮರಿಯನ್ನು ಕೈಗೆ ಕೊಡಲಿ.